ಯೋಗ ಕಲಿಸುವಾಗ ನಾನು ಏನು ನೋಡುತ್ತೇನೆ

200 ಗಂಟೆಯ ಟೀಚರ್ ಟ್ರೇನಿಂಗ್ ಮುಗಿಸಿದ್ದೀರಿ. ಯಾವ ಪದ್ಧತಿ ಒಳ್ಳೆಯದು, ಕಲಿಸಲು ಶುರು ಮಾಡಬಹುದಾ, ನಿಮ್ಮ ರೀತಿ ಏನು ಅಂತ ಕೇಳಿದ್ದೀರಿ. ನಾನು ಮೈಸೂರಿನಲ್ಲಿ ಬೆಳಗಿನ ಹೊತ್ತು ಒಂದು ಸಣ್ಣ ಕ್ಲಾಸ್ ನಡೆಸುತ್ತೇನೆ. ಬರುವವರಲ್ಲಿ ಜಾಸ್ತಿ ಜನ ಐವತ್ತು ದಾಟಿದವರು. ಮಂಡಿನೋವು, ಬಿಪಿ, ಶುಗರ್ ಎಲ್ಲ ಇರುವವರು. ಇಪ್ಪತ್ತರ ಹುಡುಗರಿಗೆ ಕಲಿಸುವವರು ಬೇರೆ ಥರ ಹೇಳಬಹುದು.

ಪದ್ಧತಿಯ ಜಗಳಕ್ಕೆ ನಾನು ಹೋಗುವುದಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ಶುರುವಾಯಿತು. ಕಲಿಸುತ್ತಿದ್ದವರು ಕೃಷ್ಣಮಾಚಾರ್ಯರು. ಹಾಸನ ಕಡೆಯ ಪಟ್ಟಾಭಿ ಜೋಯಿಸರು, ಕೋಲಾರದ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ ಇಬ್ಬರೂ ಅವರ ಶಿಷ್ಯರೇ. ಜೋಯಿಸರು ಉಸಿರಿನ ಲೆಕ್ಕಕ್ಕೆ ಕಟ್ಟಿದ ಆಸನಗಳ ಸರಣಿ ಕಲಿಸಿದರು. ಚಿಕ್ಕಂದಿನಲ್ಲಿ ಕಾಯಿಲೆಯಿಂದ ನರಳಿದ್ದ ಅಯ್ಯಂಗಾರರು ಪುಣೆಯಲ್ಲಿ ಬೆಲ್ಟು, ಇಟ್ಟಿಗೆ, ಕುರ್ಚಿ ಹಿಡಿದು ನಿಧಾನವಾಗಿ ನಿಲ್ಲಿಸುವುದನ್ನು ಕಲಿಸಿದರು. ಕೃಷ್ಣಮಾಚಾರ್ಯರ ಮಗ ದೇಶಿಕಾಚಾರ್ ಚೆನ್ನೈನಲ್ಲಿ ಒಬ್ಬೊಬ್ಬರಿಗೂ ಬೇರೆ ಬೇರೆ ಅಭ್ಯಾಸ ಕೊಟ್ಟರು. ಒಬ್ಬರೇ ಗುರುವಿನಿಂದ ಇಷ್ಟು ದಾರಿ ಹೊರಟಿರುವಾಗ ಸರಿ ಯಾವುದು, ತಪ್ಪು ಯಾವುದು ಅಂತ ನಾವು ಕಿತ್ತಾಡುವುದರಲ್ಲಿ ಅರ್ಥ ಇದೆಯಾ?

ನನ್ನ ರೀತಿ ಇಷ್ಟೇ: ಎದುರಿಗೆ ಇರುವವರ ಮೈಗೆ ತಕ್ಕಂತೆ ಆಸನ ಬದಲಿಸುತ್ತೇನೆ. ಬದಲಿಸಬೇಕಾ ಬೇಡವಾ ಅಂತ ಹೇಳುವುದು ಅವರ ಉಸಿರು. ಪಶ್ಚಿಮೋತ್ತಾನಾಸನದಲ್ಲಿ, ಅಂದರೆ ಕಾಲು ಚಾಚಿ ಕೂತು ಮುಂದಕ್ಕೆ ಬಾಗುವ ಆಸನದಲ್ಲಿ, ಕಾಲಿನ ಹೆಬ್ಬೆರಳು ಹಿಡಿಯಲೇಬೇಕು ಅಂತ ಹಟ ಹಿಡಿದವರನ್ನು ನೋಡಿ. ಮುಖ ಕೆಂಪಾಗಿರುತ್ತದೆ, ದವಡೆ ಬಿಗಿದಿರುತ್ತದೆ, ಉಸಿರು ನಿಂತೇ ಹೋಗಿರುತ್ತದೆ. ಅಂಥವರಿಗೆ ಮಂಡಿ ಸ್ವಲ್ಪ ಮಡಚಿ ಅನ್ನುತ್ತೇನೆ, ಪಾದಕ್ಕೆ ಒಂದು ಟವಲ್ ಹಾಕಿ ಹಿಡಿಸುತ್ತೇನೆ. ಉಸಿರು ತಾನಾಗಿ ಶುರುವಾಗುತ್ತದೆ. ಅವರ ಅಂದಿನ ಪಶ್ಚಿಮೋತ್ತಾನಾಸನ ಅದೇ. ಪತಂಜಲಿಯ ಯೋಗಸೂತ್ರದಲ್ಲೂ ಆಸನದ ಬಗ್ಗೆ ಇರುವುದು ಮೂರೇ ಸೂತ್ರ. ಹೆಬ್ಬೆರಳಿನ ಮಾತೇ ಅಲ್ಲಿ ಇಲ್ಲ.

"ಪದ್ಮಾಸನ ಎಷ್ಟು ದಿನಕ್ಕೆ ಬರುತ್ತೆ ಸಾರ್?" ಇದು ರಿಟೈರ್ ಆದವರೆಲ್ಲ ಕೇಳುವ ಪ್ರಶ್ನೆ. ಪದ್ಮಾಸನಕ್ಕೆ ತೊಡೆಯ ಕೀಲು ಹೊರಕ್ಕೆ ತಿರುಗಬೇಕು. ಅದು ತಿರುಗದಿದ್ದರೆ ಕಾಲನ್ನು ಎಳೆದಷ್ಟೂ ಮಂಡಿ ತಿರುಚುತ್ತದೆ. ಕೆಲವರಿಗೆ ಮೂಳೆಯ ರಚನೆಯೇ ಅದಕ್ಕೆ ಬಿಡುವುದಿಲ್ಲ. ಅವರನ್ನು ಕುರ್ಚಿಯ ಮೇಲೆ ಕೂರಿಸಿ ಪ್ರಾಣಾಯಾಮ ಮಾಡಿಸುತ್ತೇನೆ. ಬಿಪಿ ಹಿಡಿತದಲ್ಲಿ ಇಲ್ಲದವರಿಗೆ, ಗ್ಲಾಕೋಮಾ ಅನ್ನುವ ಕಣ್ಣಿನ ಕಾಯಿಲೆ ಇರುವವರಿಗೆ ಶೀರ್ಷಾಸನ ಇಲ್ಲ. ಎಷ್ಟು ಬೇಡಿಕೊಂಡರೂ ಇಲ್ಲ.

ಇನ್ನೊಂದು ವಿಷಯ. ಕಲಿಸುವಾಗ ನಾನು ಆಸನ ಮಾಡುತ್ತಾ ಇರುವುದಿಲ್ಲ. ಒಂದು ಸಲ ತೋರಿಸಿ ಎದ್ದುಬಿಡುತ್ತೇನೆ. ನಾನೇ ತಲೆಕೆಳಗಾಗಿದ್ದರೆ ಹಿಂದಿನ ಸಾಲಿನವರ ಕುತ್ತಿಗೆ ಹೇಗೆ ಕಾಣಬೇಕು? ಜೋಯಿಸರ ಶಾಲೆಯಲ್ಲಿ ಪ್ರತಿಯೊಬ್ಬರೂ ತಮ್ಮ ವೇಗದಲ್ಲಿ ತಮ್ಮ ಪಾಡಿಗೆ ಅಭ್ಯಾಸ ಮಾಡುತ್ತಿದ್ದರು, ಗುರುಗಳು ನಡುವೆ ಓಡಾಡುತ್ತಾ ತಿದ್ದುತ್ತಿದ್ದರು. ಹೊರದೇಶದಲ್ಲಿ ಇದಕ್ಕೆ 'ಮೈಸೂರು ಸ್ಟೈಲ್' ಅಂತಲೇ ಹೆಸರು. ನಮ್ಮೂರಿನ ಎಷ್ಟೋ ಜನರಿಗೆ ಇದು ಗೊತ್ತೇ ಇಲ್ಲ, ತಮಾಷೆ ಅಲ್ವಾ!

ನನ್ನ ಸ್ವಂತ ಅಭ್ಯಾಸ ರೀಲ್ಸ್‌ಗೆ ಆಗುವಂಥದ್ದಲ್ಲ. ಸೂರ್ಯ ನಮಸ್ಕಾರ, ನಿಂತು ಮಾಡುವ ನಾಲ್ಕು ಆಸನ, ಒಂದೊಂದೇ ಮೂಗಿನ ಹೊಳ್ಳೆಯಿಂದ ಉಸಿರಾಡುವ ನಾಡಿಶೋಧನ, ಶವಾಸನ. ಕ್ಲಾಸಿಗೆ ಮುಂಚೆ, ಒಬ್ಬನೇ. ಅದನ್ನು ಬಿಟ್ಟ ದಿನ ಕಲಿಸುವಾಗ ನನ್ನ ಮಾತು ಜಾಸ್ತಿಯಾಗುತ್ತದೆ.

200 ಗಂಟೆ ಅಂದರೆ ದಿನಕ್ಕೆ ಒಂದು ಗಂಟೆಯಂತೆ ಏಳು ತಿಂಗಳೂ ಆಗುವುದಿಲ್ಲ. ಕಲಿಸಬೇಡಿ ಅನ್ನುತ್ತಿಲ್ಲ. ಮೊದಲು ಅನುಭವ ಇರುವ ಯಾರದಾದರೂ ಕ್ಲಾಸಿನಲ್ಲಿ ಗೋಡೆಗೆ ಒರಗಿ ಸುಮ್ನೆ ನೋಡಿ. ಆಮೇಲೆ ಮನೆಯವರಿಗೆ, ಪಕ್ಕದ ಮನೆಯವರಿಗೆ ಕಲಿಸಿ. ಹೊಸಬರು ಬಂದಾಗ ಆಪರೇಷನ್ ಆಗಿದೆಯಾ, ಯಾವ ಮಾತ್ರೆ ತಗೋತಾರೆ ಅಂತ ವಿಚಾರಿಸಿ. ಕೇಳದೆ ಯಾರ ಬೆನ್ನನ್ನೂ ಒತ್ತಬೇಡಿ. ಯೋಗ ಶುರು ಮಾಡಿದೆನಲ್ಲ, ಬಿಪಿ ಮಾತ್ರೆ ಬಿಡಲಾ ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಅದನ್ನು ನಿಮ್ಮ ಡಾಕ್ಟರ್ ಹತ್ತಿರ ಕೇಳಿ ಅಂತ ಹೇಳಿ ಕಳಿಸಿ.