ಬಣ್ಣ ಬಳಿಯುವ ಮುನ್ನ: ಹಳೆಯ ವಾಹನಗಳ ಬಗ್ಗೆ ಓದುಗರ ಪ್ರಶ್ನೆಗಳು

ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಿಂದ ಈ ಬಾರಿ ಬಂದಿರುವ ಪತ್ರಗಳಲ್ಲಿ ಹಳೆಯ ಸ್ಕೂಟರು, ಕಾರು, ಜೀಪುಗಳನ್ನು ಮತ್ತೆ ರಸ್ತೆಗೆ ತರುವ ಪ್ರಶ್ನೆಗಳೇ ಹೆಚ್ಚು. ಬಹುತೇಕ ಪತ್ರಗಳು ಯಾವ ಬಣ್ಣ ಹೊಡೆಸಬೇಕು ಎಂಬಲ್ಲಿಂದಲೇ ಆರಂಭವಾಗುತ್ತವೆ. ಇಲ್ಲಿನ ಉತ್ತರಗಳು ಬಣ್ಣವನ್ನು ಕೊನೆಗೆ ಇರಿಸಿವೆ. ಮಲೆನಾಡಿನ ತೇವದಲ್ಲಿ ವರ್ಷಗಟ್ಟಲೆ ನಿಂತ ವಾಹನವನ್ನು ಉಳಿಸಬೇಕಾದರೆ ಮೊದಲು ಅದರ ದಾಖಲೆ, ತಗಡು ಮತ್ತು ಎಂಜಿನ್ ನೆಟ್ಟಗಾಗಬೇಕು.

ಪ್ರಶ್ನೆ: ನಮ್ಮ ತಂದೆಯವರು 1979ರಲ್ಲಿ ಕೊಂಡ ವಿಜಯ್ ಸೂಪರ್ ಸ್ಕೂಟರ್ ಬಹಳ ವರ್ಷಗಳಿಂದ ಕೊಟ್ಟಿಗೆಯಲ್ಲಿ ನಿಂತಿದೆ. ಕಿಕ್ಕರ್ ಅಲುಗುವುದಿಲ್ಲ. ತಂದೆಯವರು ತೀರಿಕೊಂಡಿದ್ದಾರೆ, ಆರ್‌ಸಿ ಇನ್ನೂ ಅವರ ಹೆಸರಿನಲ್ಲಿಯೇ ಇದೆ. ಕೆಲಸವನ್ನು ಎಲ್ಲಿಂದ ಆರಂಭಿಸಬೇಕು?
– ಓದುಗರೊಬ್ಬರು, ಹಾಸನ

ಉತ್ತರ: ಸ್ಪ್ಯಾನರ್ ಹಿಡಿಯುವ ಮೊದಲು ಕಾಗದಪತ್ರಗಳನ್ನು ಹೊರತೆಗೆಯಿರಿ. ವಾಹನದ ಮಾಲೀಕರು ತೀರಿಕೊಂಡಾಗ ವಾರಸುದಾರರು 30 ದಿನಗಳೊಳಗೆ ಸಾರಿಗೆ ಕಚೇರಿಗೆ ತಿಳಿಸಿ, ಮೂರು ತಿಂಗಳೊಳಗೆ ನಮೂನೆ 31ರಲ್ಲಿ ಹೆಸರು ಬದಲಾವಣೆಗೆ ಅರ್ಜಿ ಸಲ್ಲಿಸಬೇಕೆಂಬುದು ನಿಯಮ. ಆ ಅವಧಿ ಮೀರಿದ ಮಾತ್ರಕ್ಕೆ ದಾರಿ ಮುಚ್ಚಿಹೋಗುವುದಿಲ್ಲ. ತಡವಾದುದಕ್ಕೆ ದಂಡ ತೆತ್ತು ಮುಂದುವರಿಯಬಹುದು. ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ಪಡೆದ ವಂಶವೃಕ್ಷ ಮತ್ತು ನಿಮ್ಮ ಒಡಹುಟ್ಟಿದವರ ಒಪ್ಪಿಗೆಯ ಅಫಿಡವಿಟ್ ಇವಿಷ್ಟನ್ನು ಸಿದ್ಧಪಡಿಸಿಕೊಳ್ಳಿ. ನೋಂದಣಿಯ ಅವಧಿಯೂ ಮುಗಿದಿರುವುದರಿಂದ ಅದರ ನವೀಕರಣಕ್ಕೆ ನಮೂನೆ 25 ಬೇಕು, ಆಗ ವಾಹನವನ್ನು ತಪಾಸಣೆಗೆ ಒಯ್ಯಬೇಕಾಗುವುದರಿಂದ ಆ ಹೊತ್ತಿಗೆ ಸ್ಕೂಟರ್ ಓಡುವ ಸ್ಥಿತಿಯಲ್ಲಿರಬೇಕು. ತಪಾಸಣೆಯಲ್ಲಿ ಚಾಸಿ ಸಂಖ್ಯೆಯ ಪೆನ್ಸಿಲ್ ಪ್ರಿಂಟ್ ತೆಗೆಯುತ್ತಾರೆ. ಆದ್ದರಿಂದ ಆ ಸಂಖ್ಯೆ ಇರುವ ಜಾಗದ ಮೇಲೆ ಗ್ರೈಂಡರ್ ಆಡಿಸಲು ಯಾರಿಗೂ ಬಿಡಬೇಡಿ. ಸೀಮೆಎಣ್ಣೆಯಲ್ಲಿ ನೆನೆಸಿದ ಬಟ್ಟೆಯಿಂದ ಒರೆಸಿ, ಅಕ್ಷರಗಳು ಸ್ಪಷ್ಟವಾಗಿ ಕಾಣುವಂತೆ ಮಾಡಿದರೆ ಸಾಕು. ಅಳಿಸಿಹೋದ ಚಾಸಿ ಸಂಖ್ಯೆಯನ್ನು ಯಾವ ಮೆಕ್ಯಾನಿಕ್ಕೂ ಸರಿಪಡಿಸಿಕೊಡಲಾರ.

ಇನ್ನು ಎಂಜಿನ್ ವಿಷಯ. ಕಿಕ್ಕರ್ ಅಲುಗದಿದ್ದರೆ ಅದರ ಮೇಲೆ ನಿಂತು ತುಳಿಯಬೇಡಿ. ಪ್ಲಗ್ ಬಿಚ್ಚಿ, ಆ ರಂಧ್ರದ ಮೂಲಕ ಸ್ವಲ್ಪ ಎಂಜಿನ್ ಆಯಿಲ್ ಬಿಟ್ಟು, ಎರಡು ದಿನ ಹಾಗೆಯೇ ನೆನೆಯಲು ಬಿಡಿ. ಅನಂತರ ಫ್ಲೈವೀಲನ್ನು ಕೈಯಿಂದ ಹಿಂದಕ್ಕೂ ಮುಂದಕ್ಕೂ ನಿಧಾನವಾಗಿ ತಿರುಗಿಸಿ ನೋಡಿ. ಬಲವಂತವಾಗಿ ತಿರುಗಿಸಿದರೆ ತುಕ್ಕಿಗೆ ಅಂಟಿದ ಪಿಸ್ಟನ್ ರಿಂಗುಗಳು ಮುರಿದು, ಬೋರಿನ, ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರ್ ರಂಧ್ರದ ಗೋಡೆಯನ್ನು ಕೆರೆಯುತ್ತವೆ. ಎಂಜಿನ್ ತಿರುಗಿತೆಂದು ತಕ್ಷಣ ಸ್ಟಾರ್ಟ್ ಮಾಡುವುದೂ ತಪ್ಪು. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲ್ ಮತ್ತು ಆಯಿಲಿನ ಮಿಶ್ರಣವು ಮೊದಲು ಕ್ರ್ಯಾಂಕ್ ಕೇಸಿನೊಳಗೆ ಬಂದು, ಅಲ್ಲಿಂದ ಸಿಲಿಂಡರಿಗೆ ಹೋಗುವುದರಿಂದ ಆ ಕೋಣೆ ಗಾಳಿ ಸೋರದಂತೆ ಭದ್ರವಾಗಿರಬೇಕು. ದೀರ್ಘಕಾಲ ನಿಂತ ಗಾಡಿಯಲ್ಲಿ ಕ್ರ್ಯಾಂಕಿನ ಎರಡು ಬದಿಯ ಆಯಿಲ್ ಸೀಲುಗಳ ರಬ್ಬರ್ ಒಣಗಿ ಗಟ್ಟಿಯಾಗಿರುತ್ತದೆ. ಅವುಗಳ ಸಂದಿಯಿಂದ ಹೊರಗಿನ ಗಾಳಿ ಒಳನುಗ್ಗಿದರೆ ಮಿಶ್ರಣದಲ್ಲಿ ಪೆಟ್ರೋಲು, ಆಯಿಲು ಎರಡೂ ಕಡಿಮೆಯಾಗಿ, ಎಂಜಿನ್ ಅತಿಯಾಗಿ ಕಾಯ್ದು ಪಿಸ್ಟನ್ ಸಿಲಿಂಡರಿನೊಳಗೆ ಅಲುಗದಂತೆ ಹಿಡಿದುಕೊಳ್ಳುತ್ತದೆ. ಹೀಗಾಗಿ ಎಂಜಿನ್ ಪೂರ್ತಿ ಬಿಚ್ಚಿಸಿ ಸೀಲುಗಳನ್ನು ಬದಲಿಸಿ, ಕನೆಕ್ಟಿಂಗ್ ರಾಡಿನ ಬೇರಿಂಗಿನಲ್ಲಿ ತುಕ್ಕಿನ ಕಲೆಗಳಿವೆಯೇ ಎಂದು ನೋಡಿಸಿ. ಫ್ಯಾನ್ ಕವರಿನೊಳಗೆ ಕಣಜಗಳು ಕಟ್ಟಿದ ಮಣ್ಣಿನ ಗೂಡುಗಳಿದ್ದರೆ ತೆಗೆಸಿ. ಈ ಎಂಜಿನ್ನಿಗೆ ಫ್ಯಾನಿನ ಗಾಳಿಯೊಂದೇ ತಂಪು. ಇಲಿ ಕಡಿದ ವೈರಿಂಗನ್ನು ಟೇಪು ಸುತ್ತಿ ಉಳಿಸಿಕೊಳ್ಳುವುದಕ್ಕಿಂತ ಹೊಸದು ಹಾಕಿಸುವುದು ಲೇಸು.

ಬಿಡಿಭಾಗಗಳ ಬಗ್ಗೆ ಚಿಂತೆ ಬೇಡ. ಇಟಲಿಯ ಮಿಲಾನಿನ ಇನೊಚೆಂಟಿ ಕಂಪನಿಯ ಲಾಂಬ್ರೆಟಾ ಯಂತ್ರೋಪಕರಣಗಳನ್ನು ಕೊಂಡು, 1972ರಲ್ಲಿ ಸ್ಥಾಪನೆಯಾದ ಲಖನೌದ ಸ್ಕೂಟರ್ಸ್ ಇಂಡಿಯಾ ಸಂಸ್ಥೆ ತಯಾರಿಸಿದ ಸ್ಕೂಟರ್ ಇದು. ಜಗತ್ತಿನಾದ್ಯಂತ ಲಾಂಬ್ರೆಟಾ ಪ್ರೀತಿಸುವವರು ಇರುವುದರಿಂದ ಅದೇ ಮಾದರಿಯ ಭಾಗಗಳು ಇಂದಿಗೂ ತಯಾರಾಗುತ್ತಿವೆ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿದರೆ ಬೇಕಾದದ್ದರ ಸುಳಿವು ಸಿಗುತ್ತದೆ. ಆದರೆ ಬಿಚ್ಚಿದ ಹಳೆಯ ಭಾಗಗಳಲ್ಲಿ ಒಂದನ್ನೂ ಗುಜರಿಗೆ ಹಾಕಬೇಡಿ. ಹೊಸ ಲಿವರ್, ಹೊಸ ಬೀಡಿಂಗು ಎಷ್ಟೋ ಬಾರಿ ಸರಿಯಾಗಿ ಕೂರುವುದಿಲ್ಲ, ಆಗ ಮೂಲ ಭಾಗವನ್ನೇ ಸರಿಪಡಿಸಿ ಹಾಕಬೇಕಾಗುತ್ತದೆ. ಚಕ್ರದ ವಿಷಯದಲ್ಲಿ ಒಂದು ಎಚ್ಚರಿಕೆ: ಈ ಸ್ಕೂಟರಿನ ರಿಮ್ ಎರಡು ಹೋಳುಗಳದ್ದು. ಟ್ಯೂಬಿನ ಗಾಳಿಯನ್ನು ಪೂರ್ತಿ ಬಿಡದೆ ಆ ಹೋಳುಗಳನ್ನು ಹಿಡಿದಿರುವ ನಟ್ಟುಗಳನ್ನು ಬಿಚ್ಚಿದರೆ ರಿಮ್ ಸಿಡಿದು ಪ್ರಾಣಾಪಾಯವಾಗಬಹುದು.

ಪ್ರಶ್ನೆ: ನನ್ನ ಪ್ರೀಮಿಯರ್ ಪದ್ಮಿನಿಯ ಚಾಲಕನ ಕಾಲಡಿಯ ತಗಡು ತುಕ್ಕು ಹಿಡಿದು ತೂತಾಗಿದೆ, ಬಾಗಿಲ ಕೆಳಗಿನ ಪಟ್ಟಿಯೂ ಉದುರುತ್ತಿದೆ. ಪುಟ್ಟಿ ತುಂಬಿ ಬಣ್ಣ ಹೊಡೆದರೆ ಗೊತ್ತಾಗುವುದಿಲ್ಲ ಎಂದು ವರ್ಕ್‌ಶಾಪಿನವರು ಹೇಳುತ್ತಾರೆ. ಒಪ್ಪಬಹುದೇ?
– ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ಖಂಡಿತ ಒಪ್ಪಬೇಡಿ. ಫಿಯೆಟ್ 1100ರಿಂದ ಬಂದ ಪದ್ಮಿನಿಗೆ ಜೀಪಿನಂತೆ ಪ್ರತ್ಯೇಕವಾದ ಚಾಸಿ (ಭಾರ ಹೊರುವ ತಳದ ಚೌಕಟ್ಟು) ಇಲ್ಲ; ನೆಲದ ತಗಡು, ಬಾಗಿಲ ಕೆಳಗಿನ ಪೆಟ್ಟಿಗೆಯಾಕಾರದ ಪಟ್ಟಿ ಮತ್ತು ಮೇಲಿನ ಬಾಡಿ ಸೇರಿಯೇ ಕಾರಿನ ಭಾರವನ್ನು ಹೊರುತ್ತವೆ. ಆ ಪಟ್ಟಿ ಕೊಳೆತಿದೆ ಎಂದರೆ ಮನೆಯ ತೊಲೆಗೆ ಗೆದ್ದಲು ಹತ್ತಿದಂತೆಯೇ ಸರಿ, ಅಲ್ಲಿ ಪುಟ್ಟಿ ತುಂಬುವುದು ದೋಷವನ್ನು ಮುಚ್ಚುತ್ತದೆಯೇ ಹೊರತು ಬಲ ಕೊಡುವುದಿಲ್ಲ. ಅದಲ್ಲದೆ ಸಾಮಾನ್ಯ ಬಾಡಿ ಪುಟ್ಟಿ ತೇವವನ್ನು ಹೀರಿಕೊಳ್ಳುತ್ತದೆ, ಅದರಡಿಯಲ್ಲಿ ತುಕ್ಕು ಇನ್ನಷ್ಟು ವೇಗವಾಗಿ ಹರಡಿ, ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬಣ್ಣವು ಗುಳ್ಳೆ ಏಳುತ್ತದೆ.

ಸೀಟು ಮತ್ತು ಮ್ಯಾಟುಗಳನ್ನೆಲ್ಲ ಹೊರತೆಗೆದು, ಸಣ್ಣ ಸುತ್ತಿಗೆಯಿಂದ ನೆಲವನ್ನು ಇಂಚಿಂಚಾಗಿ ತಟ್ಟುತ್ತ ಬನ್ನಿ. ಗಟ್ಟಿ ತಗಡು ಕಂಚಿನ ದನಿ ಕೊಡುತ್ತದೆ, ಕೊಳೆತದ್ದು ಮಂಕಾಗಿ ಸದ್ದು ಮಾಡುತ್ತದೆ. ಹಿಂದಿನ ಪಟ್ಟಿ ಸ್ಪ್ರಿಂಗುಗಳು ಬಾಡಿಗೆ ಸೇರುವ ಜಾಗ, ಜಾಕ್ ಕೊಡುವ ಜಾಗ ಮತ್ತು ಬಾಗಿಲುಗಳ ತಳ ಇವುಗಳನ್ನು ವಿಶೇಷವಾಗಿ ನೋಡಿ. ಬಾಗಿಲಿನ ತಳದಲ್ಲಿ ನೀರು ಇಳಿಯಲು ಬಿಟ್ಟಿರುವ ರಂಧ್ರಗಳು ಕಸದಿಂದ ಮುಚ್ಚಿಹೋಗಿದ್ದರೆ ಮಳೆನೀರು ಒಳಗೇ ನಿಂತಿರುತ್ತದೆ. ಕೊಳೆತ ಭಾಗವನ್ನು ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ, ಹೊಸ ತಗಡನ್ನು ಸಿಒಟು ವೆಲ್ಡಿಂಗಿನಿಂದ (ಕಾರ್ಬನ್ ಡೈಆಕ್ಸೈಡ್ ಅನಿಲದ ರಕ್ಷಣೆಯಲ್ಲಿ ಮಾಡುವ ವಿದ್ಯುತ್ ವೆಲ್ಡಿಂಗ್) ಕೂಡಿಸಬೇಕು. ಗ್ಯಾಸ್ ವೆಲ್ಡಿಂಗಿನ ಶಾಖಕ್ಕೆ ತೆಳು ತಗಡು ಸೊಟ್ಟಗಾಗುತ್ತದೆ. ಎರಡೂ ಬದಿಯ ಪಟ್ಟಿಗಳನ್ನು ಒಟ್ಟಿಗೆ ಕತ್ತರಿಸಲು ಬಿಡಬೇಡಿ. ಕಾರನ್ನು ಸಮತಟ್ಟಾಗಿ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಬಾಗಿಲ ಚೌಕಟ್ಟಿಗೆ ಅಡ್ಡ ಕಬ್ಬಿಣ ಕಟ್ಟಿ, ಒಂದು ಬದಿ ಪೂರ್ತಿ ಮುಗಿದ ಮೇಲೆಯೇ ಇನ್ನೊಂದಕ್ಕೆ ಕೈ ಹಾಕಬೇಕು. ಇಲ್ಲದಿದ್ದರೆ ಬಾಡಿ ಕುಸಿದು, ಬಾಗಿಲುಗಳು ಮತ್ತೆಂದೂ ಸರಿಯಾಗಿ ಮುಚ್ಚದಂತಾಗುತ್ತವೆ. ವೆಲ್ಡಿಂಗ್ ಮುಗಿದ ಮೇಲೆ ಎರಡೂ ಮುಖಗಳಿಗೆ ಎಪಾಕ್ಸಿ ಪ್ರೈಮರ್ ಹೊಡೆಸಿ, ಕೀಲುಗಳಿಗೆ ಸೀಲರ್ ತುಂಬಿಸಿ, ಪಟ್ಟಿಯ ಒಳಗಿನ ಟೊಳ್ಳಿಗೆ ಮೇಣದ ಲೇಪನ ಕೊಡಿಸಿ.

ಬಣ್ಣದ ಕೆಲಸವನ್ನು ಸಂಕ್ರಾಂತಿಯ ನಂತರ, ಮುಂಗಾರಿಗೆ ಮುಂಚೆ ಇಟ್ಟುಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಿಮ್ಮೂರಿನ ಗಾಳಿಯಲ್ಲಿ ಎನ್‌ಸಿ (ನೈಟ್ರೊಸೆಲ್ಯುಲೋಸ್) ಬಣ್ಣ ಹೊಡೆದರೆ ತೇವ ಸೇರಿ ಮೇಲ್ಮೈ ಹಾಲು ಚೆಲ್ಲಿದಂತೆ ಬಿಳಿಚಿಕೊಳ್ಳುತ್ತದೆ. ಮೂಲ ಬಣ್ಣ ಯಾವುದಿತ್ತೆಂದು ತಿಳಿಯಲು ಡ್ಯಾಶ್‌ಬೋರ್ಡಿನ ಹಿಂಬದಿಯನ್ನು ನೋಡಿ, ಅಲ್ಲಿ ಬಿಸಿಲು ತಾಗಿರುವುದಿಲ್ಲ.

ಪ್ರಶ್ನೆ: ನಮ್ಮ ಕಾಫಿ ತೋಟದಲ್ಲಿ 1970ರ ಮಹೀಂದ್ರ ಜೀಪ್ ಇದೆ. ಪೆಟ್ರೋಲ್ ಎಂಜಿನ್ ತೆಗೆಸಿ ಡೀಸೆಲ್ ಎಂಜಿನ್ ಹಾಕಿಸಿ ಬಹಳ ವರ್ಷಗಳಾದವು. ಇದನ್ನು ವಿಂಟೇಜ್ ವಾಹನವೆಂದು ನೋಂದಾಯಿಸಬಹುದೇ? ಹಳೆಯ ವಾಹನಗಳನ್ನೆಲ್ಲ ಸರ್ಕಾರ ಗುಜರಿಗೆ ಹಾಕಿಸುತ್ತದೆ ಎಂದು ಹೆದರಿಸುವವರೂ ಇದ್ದಾರೆ.
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ಹೆದರಿಕೆಯ ಮಾತನ್ನು ಮೊದಲು ಬದಿಗಿಡಿ. ಹತ್ತು ವರ್ಷದ ಡೀಸೆಲ್, ಹದಿನೈದು ವರ್ಷದ ಪೆಟ್ರೋಲ್ ಎಂಬ ನಿರ್ಬಂಧ ದೆಹಲಿ ಮತ್ತು ಅದರ ಸುತ್ತಲಿನ ಪ್ರದೇಶಕ್ಕೆ ಸಂಬಂಧಿಸಿದ್ದು. ನಮ್ಮ ರಾಜ್ಯದಲ್ಲಿ ಖಾಸಗಿ ವಾಹನವು ತಪಾಸಣೆಯಲ್ಲಿ ತೇರ್ಗಡೆಯಾಗಿ, ಹಸಿರು ತೆರಿಗೆ ಕಟ್ಟಿದರೆ ಐದೈದು ವರ್ಷಗಳಿಗೆ ನೋಂದಣಿ ನವೀಕರಣ ಪಡೆಯುತ್ತದೆ. ಈ ತಪ್ಪು ತಿಳಿವಳಿಕೆಯಿಂದಲೇ ಎಷ್ಟೋ ಒಳ್ಳೆಯ ವಾಹನಗಳು ಗುಜರಿ ಅಂಗಡಿ ಸೇರುತ್ತಿರುವುದು ನೋವಿನ ಸಂಗತಿ.

2021ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮದ ಪ್ರಕಾರ 50 ವರ್ಷ ಮೀರಿದ ಮತ್ತು ಮೂಲ ರೂಪದಲ್ಲಿಯೇ ಇರುವ ವಾಹನ ಮಾತ್ರ ವಿಂಟೇಜ್ ಎನಿಸಿಕೊಳ್ಳುತ್ತದೆ. ಚಾಸಿ, ಬಾಡಿ ಅಥವಾ ಎಂಜಿನ್ನಿನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ನಿಮ್ಮ ಜೀಪಿಗೆ ವಯಸ್ಸಿದೆ, ಎಂಜಿನ್ ಮಾತ್ರ ತಡೆಯಾಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ ಕಟ್ಟಿದರೆ ‘ವಿಎ’ ಅಕ್ಷರಗಳಿರುವ ಸಂಖ್ಯೆ ಹತ್ತು ವರ್ಷಕ್ಕೆ ಸಿಗುತ್ತದೆ, ಮುಂದಿನ ನವೀಕರಣಕ್ಕೆ 5,000 ರೂಪಾಯಿ. ಮೊದಲೇ ನೋಂದಣಿಯಾದ ವಾಹನಕ್ಕೆ ತನ್ನ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಲು ಅವಕಾಶವಿದೆ. ಆದರೆ ಹೀಗೆ ನೋಂದಾಯಿಸಿದ ವಾಹನವನ್ನು ಪ್ರದರ್ಶನ, ವಿಂಟೇಜ್ ರ‍್ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ತುಂಬಿಸುವುದು ಮತ್ತು ದುರಸ್ತಿ ಇಂತಹ ಕಾರಣಗಳಿಗಷ್ಟೇ ರಸ್ತೆಗೆ ಇಳಿಸಬಹುದು. ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಆಳುಗಳನ್ನೂ ಗೊಬ್ಬರದ ಚೀಲಗಳನ್ನೂ ಹೊತ್ತು ದಿನವೂ ದುಡಿಯುವ ಜೀಪಿಗೆ ಈ ಬಿರುದು ಲಾಭಕ್ಕಿಂತ ನಷ್ಟವನ್ನೇ ತರುತ್ತದೆ. ಸಾಮಾನ್ಯ ನವೀಕರಣವನ್ನೇ ಮಾಡಿಸಿ, ಡೀಸೆಲ್ ಎಂಜಿನ್ನಿನ ವಿವರ ಆರ್‌ಸಿಯಲ್ಲಿ ದಾಖಲಾಗಿದೆಯೇ ಎಂದು ಪರೀಕ್ಷಿಸಿಕೊಳ್ಳಿ. ಹಳೆಯ ಪೆಟ್ರೋಲ್ ಎಂಜಿನ್ ಗೋದಾಮಿನ ಮೂಲೆಯಲ್ಲಿ ಇನ್ನೂ ಬಿದ್ದಿದ್ದರೆ ಅದನ್ನು ಮಾರಬೇಡಿ. ಗ್ರೀಸ್ ಸವರಿ, ಟಾರ್ಪಾಲ್ ಹೊದಿಸಿ, ನೆಲಕ್ಕೆ ತಾಗದಂತೆ ಹಲಗೆಯ ಮೇಲೆ ಇಡಿ. ಜೀಪಿಗೆ ದುಡಿಮೆಯಿಂದ ನಿವೃತ್ತಿ ಕೊಡುವ ದಿನ ಅದು ಬೇಕಾಗುತ್ತದೆ.

ಪ್ರಶ್ನೆ: ನನ್ನ ಹಳೆಯ ಬಜಾಜ್ ಚೇತಕ್‌ಗೆ ಈಗಿನ ಎಥನಾಲ್ ಬೆರೆತ ಪೆಟ್ರೋಲ್ ಹಾಕಿದರೆ ಕೆಡುಕಾಗುತ್ತದೆಯೇ?
– ಓದುಗರೊಬ್ಬರು, ಬೇಲೂರು

ಉತ್ತರ: ಎಚ್ಚರ ವಹಿಸದಿದ್ದರೆ ಆಗುತ್ತದೆ. ಎಥನಾಲ್ ನೀರನ್ನು ಸೆಳೆಯುವ ಗುಣದ್ದು. ಮಳೆಗಾಲದಲ್ಲಿ ವಾರಗಟ್ಟಲೆ ನಿಂತ ಸ್ಕೂಟರಿನ ಅರೆ ತುಂಬಿದ ಟ್ಯಾಂಕಿನೊಳಗೆ ಗಾಳಿಯ ತೇವ ಸೇರುತ್ತ ಹೋಗಿ, ನೀರಿನ ಪ್ರಮಾಣ ಮಿತಿ ಮೀರಿದಾಗ ನೀರು ಮತ್ತು ಎಥನಾಲ್ ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಕಾರ್ಬುರೇಟರಿಗೆ ಮೊದಲು ಹೋಗುವುದು ತಳದ ಈ ದ್ರವವೇ. ನೀವು ಬೆರೆಸಿದ ಟೂಟಿ ಆಯಿಲ್ (ಟೂ ಸ್ಟ್ರೋಕ್ ಎಂಜಿನ್ನಿನ ಎಣ್ಣೆ) ಮೇಲಿನ ಪೆಟ್ರೋಲಿನಲ್ಲಿಯೇ ಉಳಿದುಬಿಡುವುದರಿಂದ ಎಂಜಿನ್ನಿಗೆ ಎಣ್ಣೆಯ ಆಸರೆಯೂ ತಪ್ಪುತ್ತದೆ. ಎರಡು ಮೂರು ವಾರಗಳಲ್ಲಿ ಮುಗಿಯುವಷ್ಟೇ ಪೆಟ್ರೋಲ್ ಹಾಕಿಸಿ. ಗಾಡಿ ನಿಲ್ಲಿಸುವ ಮುನ್ನ ಪೆಟ್ರೋಲ್ ಕಾಕ್ ಮುಚ್ಚಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿದರೆ ಕಾರ್ಬುರೇಟರ್ ಬರಿದಾಗುತ್ತದೆ. ಮಳೆಗಾಲವಿಡೀ ಓಡಿಸುವುದಿಲ್ಲವಾದರೆ ಟ್ಯಾಂಕನ್ನೂ ಬರಿದು ಮಾಡಿ, ಒಳಗೆ ಸ್ವಲ್ಪ ಆಯಿಲ್ ಹಾಕಿ ಕುಲುಕಿಡಿ. ಪೆಟ್ರೋಲ್ ಪೈಪು, ಕಾಕ್‌ನ ರಬ್ಬರು ಮತ್ತು ಕ್ರ್ಯಾಂಕಿನ ಸೀಲುಗಳನ್ನು ಎಥನಾಲ್ ತಾಳುವ ವೈಟಾನ್ ಎಂಬ ರಬ್ಬರಿನ ಜಾತಿಯವಕ್ಕೆ ಬದಲಾಯಿಸಿ. ಪ್ಲಗ್ಗಿನ ತುದಿ ಬೆಳ್ಳಗೆ ಕಂಡರೆ ಮಿಶ್ರಣ ತೆಳುವಾಗಿದೆ ಎಂದು ಅರ್ಥ. ಆಗ ಮೆಕ್ಯಾನಿಕ್ ಬಳಿ ಒಂದು ಅಳತೆ ದೊಡ್ಡ ಮೇನ್ ಜೆಟ್ (ಕಾರ್ಬುರೇಟರಿನಲ್ಲಿ ಪೆಟ್ರೋಲ್ ಹಾಯುವ ರಂಧ್ರವಿರುವ ಭಾಗ) ಹಾಕಿಸಿ ನೋಡಿ.

ಪ್ರಶ್ನೆ: ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿಸಿದ ನನ್ನ ಚೇತಕ್, ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುವಾಗ ಹಿಡಿದುಕೊಂಡು ನಿಂತಿತು. ಏರುವಾಗ ಆಗದ್ದು ಇಳಿಯುವಾಗ ಏಕೆ ಆಯಿತು?
– ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ಟೂ ಸ್ಟ್ರೋಕ್ ಎಂಜಿನ್ನಿಗೆ ಇಳಿಜಾರು ಅಪಾಯದ ಜಾಗ. ಪಿಸ್ಟನ್ನಿಗೂ ಬೇರಿಂಗಿಗೂ ಬೇಕಾದ ಎಣ್ಣೆ ಪೆಟ್ರೋಲಿನ ಜೊತೆಯಲ್ಲಿಯೇ ಒಳಗೆ ಬರಬೇಕು. ಆಕ್ಸಿಲರೇಟರ್ ಪೂರ್ತಿ ಬಿಟ್ಟು ಗೇರಿನಲ್ಲಿ ಇಳಿಯುವಾಗ ಚಕ್ರವು ಎಂಜಿನ್ನನ್ನು ವೇಗವಾಗಿ ತಿರುಗಿಸುತ್ತಿರುತ್ತದೆ, ಆದರೆ ಮಿಶ್ರಣ ಒಳಗೆ ಬರುವುದು ತೀರ ಅತ್ಯಲ್ಪ. ಹೊಸ ಬೋರಿನಲ್ಲಿ ಸಂದಿಯೂ ಬಿಗಿಯಾಗಿರುವುದರಿಂದ ಪಿಸ್ಟನ್ ಹಿಡಿದುಕೊಳ್ಳುತ್ತದೆ. ನ್ಯೂಟ್ರಲ್‌ಗೆ ಹಾಕಿ ಇಳಿಯುವುದು ಇದಕ್ಕೆ ಪರಿಹಾರವಲ್ಲ. ಹಾಗೆ ಮಾಡಿದರೆ ಭಾರವೆಲ್ಲ ಡ್ರಮ್ ಬ್ರೇಕುಗಳ ಮೇಲೆ ಬಿದ್ದು, ಅವು ಕಾಯ್ದು ಹಿಡಿತ ಕಳೆದುಕೊಳ್ಳುತ್ತವೆ. ಕೆಳಗಿನ ಗೇರಿನಲ್ಲಿ, ಎರಡೂ ಬ್ರೇಕುಗಳನ್ನು ಹದವಾಗಿ ಬಳಸುತ್ತ, ಆಗಾಗ ಕ್ಲಚ್ ಹಿಡಿದು ಆಕ್ಸಿಲರೇಟರನ್ನು ಒಮ್ಮೆ ತಿರುವಿ ಬಿಡಿ. ಹೀಗೆ ತಿರುವಿದಾಗಲೆಲ್ಲ ಎಂಜಿನ್ನಿಗೆ ಎಣ್ಣೆ ಸಿಗುತ್ತದೆ. ಇಂಜಿನ್ನಿನ ಸದ್ದು ಬಿಗಿಯಾದಂತೆ ಕೇಳಿಸಿದ ಕೂಡಲೇ ಕ್ಲಚ್ ಒತ್ತಬೇಕು, ಇಲ್ಲವಾದರೆ ಹಿಂದಿನ ಚಕ್ರ ಕಚ್ಚಿಕೊಂಡು ಬೀಳುವ ಸಂಭವವಿದೆ.

ಮತ್ತೆ ಜೋಡಿಸುವ ಮುನ್ನ ಲೇತ್‌ನವರು ಬೋರಿನ ಅಳತೆಯನ್ನು ನಿಮ್ಮ ಪಿಸ್ಟನ್ನನ್ನೇ ಅಳೆದು ನಿರ್ಧರಿಸಿದ್ದರೇ ಎಂದು ಕೇಳಿ. ಒಂದೇ ಅಳತೆಯೆಂದು ಮಾರುವ ಪಿಸ್ಟನ್ನುಗಳಲ್ಲಿಯೂ ಸಣ್ಣ ವ್ಯತ್ಯಾಸಗಳಿರುತ್ತವೆ. ಚೇತಕ್‌ಗೆ ಸಾಮಾನ್ಯವಾಗಿ ಲೀಟರಿಗೆ 20 ಮಿಲಿ ಟೂಟಿ ಆಯಿಲ್ ಸಾಕು, ಹೊಸ ಬೋರಿನ ಮೊದಲ 500 ಕಿಲೋಮೀಟರುಗಳಲ್ಲಿ ಇದನ್ನು ಸ್ವಲ್ಪ ಹೆಚ್ಚಿಸಿ. ಆಕ್ಸಿಲರೇಟರ್ ಬಿಟ್ಟ ಮೇಲೂ ಎಂಜಿನ್ನಿನ ವೇಗ ತಕ್ಷಣ ಇಳಿಯದಿದ್ದರೆ ಸೀಲಿನಲ್ಲಿ ಗಾಳಿ ಸೋರುತ್ತಿದೆ, ಗೇರ್ ಆಯಿಲ್ ಸುಟ್ಟ ವಾಸನೆಯ ದಟ್ಟ ಹೊಗೆ ಬರುತ್ತಿದ್ದರೆ ಕ್ಲಚ್ ಬದಿಯ ಸೀಲ್ ಹೋಗಿದೆ. ಈ ಎರಡನ್ನೂ ಸರಿಪಡಿಸಿ, ಚಿಕ್ಕಮಗಳೂರಿನ ಸಮತಟ್ಟಾದ ರಸ್ತೆಗಳಲ್ಲಿ ಆ 500 ಕಿಲೋಮೀಟರ್ ಓಡಿಸಿದ ಮೇಲೆ ಘಾಟಿಯ ದಾರಿ ಹಿಡಿಯಿರಿ.