ಓದುಗರ ಪ್ರಶ್ನೆ: ಚಂಡಮಾರುತ ಬಂದಾಗ ನೀರಿನ ಮೇಲೆ ಕಣ್ಣಿರಲಿ

ಪ್ರಶ್ನೆ: ಮಗಳು, ಅಳಿಯ ಅಮೆರಿಕದ ಟ್ಯಾಂಪಾದಲ್ಲಿದ್ದಾರೆ. ಕೆಟಗರಿ 1, 2ರ ಹರಿಕೇನ್‌ಗೆಲ್ಲ ಹೆದರಬೇಕಿಲ್ಲ, ನಮ್ಮ ಮನೆ ಗಟ್ಟಿಯಿದೆ ಅನ್ನುತ್ತಾರೆ. ನಂಬಬಹುದೆ?
(ಕುವೆಂಪುನಗರ, ಮೈಸೂರು)

ಉತ್ತರ: ಮನೆ ಗಟ್ಟಿಯಿದ್ದರೆ ಒಳ್ಳೆಯದೇ. ಆದರೆ ಆ ಕೆಟಗರಿ ಅಳೆಯುವುದು ಗಾಳಿಯ ವೇಗವನ್ನಷ್ಟೇ. ಗಂಟೆಗೆ 119 ಕಿ.ಮೀ. ಮುಟ್ಟಿದರೆ 1, 252 ಮುಟ್ಟಿದರೆ 5. ಕಡಲು ಎಷ್ಟು ಅಡಿ ಏರಿ ಬೀದಿಗೆ ನುಗ್ಗುತ್ತದೆ ಅನ್ನುವುದು ಆ ಲೆಕ್ಕದಲ್ಲಿ ಇಲ್ಲವೇ ಇಲ್ಲ. 2008ರಲ್ಲಿ ಟೆಕ್ಸಾಸ್‌ನ ಗ್ಯಾಲ್ವೆಸ್ಟನ್‌ಗೆ ಅಪ್ಪಳಿಸಿದ ಐಕ್ ಬರೀ ಕೆಟಗರಿ 2. ಪಕ್ಕದ ಬೊಲಿವರ್ ಪರ್ಯಾಯದ್ವೀಪದಲ್ಲಿ ನೀರು 15ರಿಂದ 20 ಅಡಿ ಏರಿತು. ಸಾಲು ಸಾಲು ಮನೆಗಳಿದ್ದ ಕಡೆ ಉಳಿದದ್ದು ಮರಳಲ್ಲಿ ನೆಟ್ಟ ಕಂಬಗಳು.

ಟ್ಯಾಂಪಾವನ್ನೇ ನೋಡಿ. 2024ರ ಸೆಪ್ಟೆಂಬರ್ 26ರಂದು ಹೆಲೀನ್ ದಡ ಸೇರಿದ್ದು ಅಲ್ಲಿಂದ ಇನ್ನೂರು ಕಿ.ಮೀ.ಗೂ ಹೆಚ್ಚು ಉತ್ತರಕ್ಕೆ. ಆದರೂ ಟ್ಯಾಂಪಾ ಕೊಲ್ಲಿಯ ನೀರು ದಾಖಲೆ ಮಟ್ಟಕ್ಕೇರಿ ಮನೆಗಳಿಗೆ ನುಗ್ಗಿತು. ಎರಡು ವಾರವೂ ಕಳೆದಿರಲಿಲ್ಲ, ಅಕ್ಟೋಬರ್ 9ರ ರಾತ್ರಿ ಮಿಲ್ಟನ್ ಕೊಲ್ಲಿಯ ದಕ್ಷಿಣಕ್ಕೆ, ತೀರಾ ಹತ್ತಿರದಲ್ಲೇ ದಡ ಹತ್ತಿದಾಗ ಅದೇ ಕೊಲ್ಲಿಯ ನೀರು ಹಿಂದಕ್ಕೆ ಸರಿದು ತಳ ಕಂಡಿತು. ಉತ್ತರಾರ್ಧಗೋಳದಲ್ಲಿ ಈ ಸುಳಿ ಅಪ್ರದಕ್ಷಿಣವಾಗಿ ಸುತ್ತುತ್ತದೆ. ಅದು ಸಾಗುವ ದಾರಿಯ ಬಲಕ್ಕಿರುವ ದಡಕ್ಕೆ ಕಡಲನ್ನು ದೂಡುತ್ತದೆ, ಎಡಕ್ಕಿರುವ ದಡದಿಂದ ಎಳೆದೊಯ್ಯುತ್ತದೆ. ದಾರಿ ಕೊಂಚ ಹೊರಳಿದರೂ ಸಾಕು, ಎಲ್ಲ ತಲೆಕೆಳಗು. ಹೋದ ಸಲ ಏನೂ ಆಗಲಿಲ್ಲ ಅನ್ನುವ ಧೈರ್ಯವನ್ನು ನೆಚ್ಚಬೇಡಿ.

ಮನೆ ಯಾವ ತೆರವು ವಲಯದಲ್ಲಿದೆ, ಎ ಯಿಂದ ಇ ವರೆಗೆ ಯಾವ ಅಕ್ಷರ ಎಂದು ಮಗಳು ಇವತ್ತೇ ನೋಡಿಟ್ಟುಕೊಳ್ಳಲಿ. ಆ ಅಕ್ಷರದ ವಲಯದವರು ಮನೆ ಬಿಡಬೇಕೆಂದು ಅಲ್ಲಿನ ಆಡಳಿತ ಸಾರಿದ ಕೂಡಲೇ ಹೊರಡಲಿ. ಬೇರೆ ರಾಜ್ಯಕ್ಕೇ ಓಡಬೇಕಿಲ್ಲ, ವಲಯದಾಚೆ ಎತ್ತರದಲ್ಲಿರುವ ಗಟ್ಟಿ ಕಟ್ಟಡ ಸಾಕು. ತಲೆಗೆ ದಿನಕ್ಕೆ 4 ಲೀಟರ್ ಕುಡಿಯುವ ನೀರು ಜೊತೆಗಿರಲಿ. ಪಾಸ್‌ಪೋರ್ಟ್, ವೀಸಾ ಕಾಗದ ಪ್ಲಾಸ್ಟಿಕ್ ಕವರಿನಲ್ಲಿರಲಿ. ಎಲೆಕ್ಟ್ರಿಕ್ ಕಾರಿದ್ದರೆ ಗ್ಯಾರೇಜಿನಲ್ಲಿ ಬಿಟ್ಟು ಹೋಗಬಾರದು. ಉಪ್ಪುನೀರು ಹೊಕ್ಕ ಬ್ಯಾಟರಿ ನೀರಿಳಿದು ದಿನಗಳಾದ ಮೇಲೂ ಹೊತ್ತಿಕೊಳ್ಳುವುದುಂಟು. ಇನ್ನು ಜನರೇಟರ್: ಮನೆಯಿಂದ ಕನಿಷ್ಠ 20 ಅಡಿ ದೂರ, ಹೊಗೆ ಕಿಟಕಿಯತ್ತ ಬಾರದಂತೆ ಇಡಬೇಕು. ಗಾಳಿ, ಮಳೆ ಎರಡನ್ನೂ ಗೆದ್ದವರು ಕಾರ್ಬನ್ ಮೊನಾಕ್ಸೈಡಿಗೆ ಮಲಗಿದಲ್ಲೇ ಸತ್ತಿದ್ದಾರೆ.

ಪ್ರಶ್ನೆ: ಕಡಲು ಎಲ್ಲೋ ಇದೆ. ಆದರೂ ಸೈಕ್ಲೋನ್ ಮಳೆಗೆ ಕುಯ್ಲಿಗೆ ಬಂದ ನಮ್ಮ ಭತ್ತ ಮಲಗಿಬಿಡುತ್ತದೆ. ಏನು ಮಾಡೋಣ?
(ಪಾಂಡವಪುರ ತಾಲ್ಲೂಕು)

ಉತ್ತರ: ದಡ ಹತ್ತಿದ ಸುಳಿಗೆ ಕಡಲಿನ ಬಿಸಿ, ತೇವ ಸಿಗುವುದಿಲ್ಲ. ಗಾಳಿಯ ಬಲ ಬೇಗ ಇಳಿಯುತ್ತದೆ, ಮೋಡ ಮಾತ್ರ ಒಳನಾಡಿನವರೆಗೂ ಬರುತ್ತದೆ. 2024ರ ನವೆಂಬರ್ 30ರ ರಾತ್ರಿ ಪುದುಚೇರಿ ಬಳಿ ದಡ ಸೇರಿದ ಫೆಂಗಲ್ ನಮ್ಮ ಕಡೆಗೂ ಮಳೆ ತಂದದ್ದು ಹೀಗೆಯೇ. ಹವಾಮಾನ ಇಲಾಖೆ ಕರಾವಳಿಗೆ ಮೊದಲ ಸೂಚನೆ ಕೊಡುವುದು 72 ಗಂಟೆ ಮುಂಚೆ, ಹಳದಿ ಎಚ್ಚರಿಕೆ 48 ಗಂಟೆ ಮುಂಚೆ. ಮದ್ರಾಸ್ ಕಡೆಯ ಸುದ್ದಿ ಎಂದು ಬಿಡದೆ ಕೇಳಿಸಿಕೊಳ್ಳಿ, ಆ ಎರಡು ಮೂರು ದಿನ ನಿಮ್ಮ ಕೈಯಲ್ಲಿರುತ್ತದೆ. ತೆನೆ ಬಲಿತಿದ್ದು ಮಷಿನ್ ಸಿಕ್ಕರೆ ಕೊಯ್ಯಿಸಿ. ಇಲ್ಲದಿದ್ದರೆ ಬದು ಕಡಿದು ಗದ್ದೆಯ ನೀರು ಬಸಿಯಿರಿ; ಕೆಸರಲ್ಲಿ ಬುಡ ಸಡಿಲವಾದ ಪೈರು ಮೊದಲು ಬೀಳುತ್ತದೆ. ಬಿದ್ದ ಪೈರನ್ನು ನಾಲ್ಕೈದು ಬುಡ ಸೇರಿಸಿ ಎತ್ತಿ ಕಟ್ಟಿ. ನೆನೆದ ತೆನೆ ಮೊಳೆಯದಂತೆ ಲೀಟರ್ ನೀರಿಗೆ 50 ಗ್ರಾಂ ಉಪ್ಪು ಕರಗಿಸಿ, ತೆನೆಗೆ ಮಾತ್ರ ತಾಗುವಂತೆ ಸಿಂಪಡಿಸಿ. ತೇವ ಶೇ 14ಕ್ಕಿಂತ ಕೆಳಗಿಳಿಯುವವರೆಗೆ ಚೀಲ ತುಂಬಬೇಡಿ, ಮುಗ್ಗಲು ಹಿಡಿಯುತ್ತದೆ.

ಪ್ರಶ್ನೆ: ನನ್ನ ತವರು ಉಳ್ಳಾಲ. ದಡಕ್ಕೆ ಕಲ್ಲು ಸುರಿದರೂ ಕಡಲ್ಕೊರೆತ ಯಾಕೆ ನಿಲ್ಲುವುದಿಲ್ಲ?
(ಸರಸ್ವತಿಪುರಂ, ಮೈಸೂರು)

ಉತ್ತರ: ಕಲ್ಲಿಗೆ ಬಡಿದ ಅಲೆ ಹಿಂದೆ ಬೀಳುವಾಗ ಗೋಡೆಯ ಬುಡದ ಮರಳನ್ನು ಕೆರೆದೊಯ್ಯುತ್ತದೆ, ಕಲ್ಲು ಕೂರುತ್ತ ಹೋಗುತ್ತದೆ. ಗೋಡೆ ಮುಗಿಯುವ ಕಡೆ, ಆಚೆ ಮನೆಯವರ ದಡ ಇನ್ನೂ ಬೇಗ ಕರಗುತ್ತದೆ. 2021ರ ಮೇ ತಿಂಗಳ ತೌಕ್ತೆ ನಮ್ಮ ದಡ ಹತ್ತದೆ ಗುಜರಾತಿಗೆ ಹೋಯಿತು, ಹಾದುಹೋಗುವಾಗ ಎಬ್ಬಿಸಿದ ಅಲೆಯೇ ಕರಾವಳಿಯ ಮನೆ, ರಸ್ತೆಗಳನ್ನು ಕೆಡವಿತು. ಕೊಚ್ಚಿಹೋದ ಮರಳಲ್ಲಿ ಬಹುಪಾಲು ದಡದಿಂದ ಸ್ವಲ್ಪ ದೂರದಲ್ಲಿ, ನೀರಿನಡಿ ದಿಬ್ಬವಾಗಿ ನಿಂತಿರುತ್ತದೆ. ಮಳೆಗಾಲ ಕಳೆದ ಮೇಲೆ ಸಣ್ಣ ಅಲೆಗಳು ಅದನ್ನು ನಿಧಾನವಾಗಿ ವಾಪಸು ತರುತ್ತವೆ. ಅದು ಬಂದು ಕೂರಲು ಜಾಗ ಬೇಕು. ಅಂಗಳ ಚೊಕ್ಕಟವಾಗಲೆಂದು ಮರಳ ಮೇಲೆ ಹಬ್ಬುವ ನೇರಳೆ ಹೂವಿನ ಬಳ್ಳಿಯನ್ನು ಕಿತ್ತು ಹಾಕಬೇಡಿರೆಂದು ತವರಿನವರಿಗೆ ತಿಳಿಸಿ. ಗಾಳಿಗೆ ಹಾರುವ ಮರಳನ್ನು ಅದರ ಎಲೆ, ಬೇರು ಹಿಡಿದು ನಿಲ್ಲಿಸುತ್ತವೆ.