ಮಾರ್ಪಲ್ ಸರಣಿಯ ಕೊನೆಯ ಎರಡು: ಯಾವುದು ಮೊದಲು?

ಮೇಡಂ, ಅಗಾಥಾ ಕ್ರಿಸ್ಟಿಯ ಪತ್ತೇದಾರಿ ಅಜ್ಜಿ ಮಿಸ್ ಮಾರ್ಪಲ್ ಕಾದಂಬರಿಗಳಲ್ಲಿ ‘ನೆಮೆಸಿಸ್’ ಮತ್ತು ‘ಸ್ಲೀಪಿಂಗ್ ಮರ್ಡರ್’ ಎರಡೇ ಉಳಿದಿವೆ, ಮುಗಿಸಿದರೆ ಅಜ್ಜಿಯ ಊರು ಸೇಂಟ್ ಮೇರಿ ಮೀಡ್‌ನ ಜನ ಮತ್ತೆ ಸಿಗುವುದಿಲ್ಲ ಎಂದು ಬೇಸರಪಟ್ಟಿದ್ದೀರಿ. ‘ಸ್ಲೀಪಿಂಗ್ ಮರ್ಡರ್’ ಮೊದಲು ಓದಿ, ‘ನೆಮೆಸಿಸ್’ ಕೊನೆಗಿರಲಿ.

‘ಸ್ಲೀಪಿಂಗ್ ಮರ್ಡರ್’ ಅಚ್ಚಾದದ್ದು ಅಗಾಥಾ ಕ್ರಿಸ್ಟಿ ತೀರಿಕೊಂಡ 1976ರಲ್ಲಿ. ಬರೆದದ್ದು ಮಾತ್ರ ಎರಡನೆಯ ಮಹಾಯುದ್ಧದ ಕಾಲದಲ್ಲಿ, ಬರೆದು ತೆಗೆದಿಟ್ಟಿದ್ದರು. 1962ರ ‘ದಿ ಮಿರರ್ ಕ್ರ್ಯಾಕ್ಡ್’ ಹೊತ್ತಿಗೆ ಕಣ್ಮುಚ್ಚಿರುವ, ಅಜ್ಜಿಯ ಪರಿಚಯದ ಕರ್ನಲ್ ಬ್ಯಾಂಟ್ರಿ ಇದರಲ್ಲಿ ಬದುಕಿದ್ದಾರೆ. ಅಲ್ಲಿ ವೈದ್ಯರು ಬಗ್ಗಿ ತೋಟದ ಕೆಲಸ ಮಾಡಕೂಡದೆಂದು ಕಟ್ಟಪ್ಪಣೆ ಮಾಡಿದ ಅಜ್ಜಿ, ಇಲ್ಲಿ ಹಾಯಾಗಿ ಕಳೆ ಕೀಳುತ್ತಾರೆ. ಕೊನೆಯಲ್ಲಿ ಓದಿದರೆ ಇದೆಲ್ಲ ಗೊಂದಲವೇ. 1971ರ ‘ನೆಮೆಸಿಸ್’ ಕ್ರಿಸ್ಟಿ ಬರೆದ ಕೊನೆಯ ಮಾರ್ಪಲ್ ಕಾದಂಬರಿ. ಅದಕ್ಕೆ ಮುಂಚೆ ‘ಎ ಕೆರಿಬಿಯನ್ ಮಿಸ್ಟರಿ’ಯನ್ನು ಇನ್ನೊಮ್ಮೆ ತಿರುವಿಹಾಕಿ, ಅದರಲ್ಲಿ ಬರುವ ಸಿಡುಕು ಸ್ವಭಾವದ ರಾಫಿಯೆಲ್ ನೆನಪಿನಲ್ಲಿದ್ದರೇ ‘ನೆಮೆಸಿಸ್’ನಲ್ಲಿ ಅಜ್ಜಿಗೆ ಬರುವ ಅವರ ಪತ್ರ ಮನಸ್ಸಿಗೆ ತಟ್ಟುತ್ತದೆ.

ಆದರೆ ನಿಮಗೆ ಬೇಕಾದದ್ದು ಊರಿನ ಜನ. ‘ನೆಮೆಸಿಸ್’ನ ಬಹುಪಾಲು ಊರಾಚೆಯ ಪ್ರವಾಸದಲ್ಲೇ ಕಳೆಯುತ್ತದೆ. ಹಾಗಾಗಿ ಅದು ಮುಗಿದ ಮೇಲೆ 1930ರ ‘ದಿ ಮರ್ಡರ್ ಅಟ್ ದಿ ವಿಕರೇಜ್’ಗೆ ಹಿಂದಿರುಗಿ. ಕೊಲೆಗಾರ ಯಾರೆಂದು ಗೊತ್ತಿರುವುದರಿಂದ ಸುಳಿವು ಹುಡುಕುವ ಆತುರವಿರುವುದಿಲ್ಲ, ಮೊದಲ ಸಲ ಓಡಿಸಿಕೊಂಡು ಹೋದ ಮಾತುಕತೆಯೆಲ್ಲ ಕಿವಿಗೆ ಬೀಳುತ್ತದೆ. ಮೊದಲ ಅಧ್ಯಾಯದ ಊಟವನ್ನೇ ನೋಡಿ. ಗಟ್ಟಿ ಮಾಂಸವನ್ನು ಕುಯ್ಯಲು ಹೆಣಗುತ್ತಿರುವ ಪಾದ್ರಿಗಳು ಕರ್ನಲ್ ಪ್ರೋಥೆರೋ ಸತ್ತರೆ ಲೋಕಕ್ಕೇ ಉಪಕಾರ ಎಂದುಬಿಡುತ್ತಾರೆ. ಕೆಲಸದ ಮೇರಿ ‘ಸೊಪ್ಪು’ ಎಂದು ಜೋರಾಗಿ ಹೇಳಿ, ಬಿರುಕು ಬಿಟ್ಟ ಪಾತ್ರೆಯನ್ನು ಜಗಳಕ್ಕೆ ಬಂದವಳಂತೆ ಮುಂದೊಡ್ಡುತ್ತಾಳೆ. ಪಾದ್ರಿಗಳ ಹೆಂಡತಿ ಗ್ರಿಸೆಲ್ಡಾಗೆ ಅವಳನ್ನು ತಿದ್ದುವ ಇರಾದೆಯೇ ಇಲ್ಲ: ಅಡುಗೆ ಬಾರದ, ಮರ್ಯಾದೆ ತಿಳಿಯದ ಮೇರಿಯನ್ನು ಬೇರೆ ಮನೆಯವರು ಸೆಳೆದುಕೊಂಡು ಹೋಗಲಾರರು! ಈ ಒಂದು ತರ್ಕಕ್ಕಾಗಿಯೇ ನನಗೆ ಗ್ರಿಸೆಲ್ಡಾ ಎಂದರೆ ಪ್ರಾಣ. ‘ದಿ ಬಾಡಿ ಇನ್ ದಿ ಲೈಬ್ರರಿ’ ಹೊತ್ತಿಗೆ ಅವಳು ತಾಯಿ. ‘ದಿ ಮಿರರ್ ಕ್ರ್ಯಾಕ್ಡ್’ನಲ್ಲಿ ಕರ್ನಲ್ ಬ್ಯಾಂಟ್ರಿಯ ಹೆಂಡತಿ ಡಾಲಿ ಹಿಂದೆ ಇದ್ದ ಗಾಸಿಂಗ್ಟನ್ ಹಾಲ್ ಬಂಗಲೆಗೆ ಸಿನಿಮಾ ನಟಿ ಬಂದಿದ್ದಾಳೆ, ಊರಂಚಿನಲ್ಲಿ ಹೊಸ ಬಡಾವಣೆ ಎದ್ದಿದೆ. ಮೈಮೇಲೆ ಬಿದ್ದು ಉಪಚರಿಸುವ ಮಿಸ್ ನೈಟ್‌ಗೆ ಅಂಗಡಿ ಕೆಲಸ ಹಚ್ಚಿ, ಅಜ್ಜಿ ಒಬ್ಬರೇ ಆ ಬಡಾವಣೆಯನ್ನು ನೋಡಲು ಹೊರಡುವ ಸೊಗಸನ್ನು ನಿಧಾನವಾಗಿ ಓದಿ. ಕಾದಂಬರಿಗಳು 12, ಜೊತೆಗೆ 20 ಸಣ್ಣ ಕಥೆಗಳಿವೆ, ಅವನ್ನು ಇನ್ನೂ ಓದದೆ ಬಿಟ್ಟಿದ್ದರೆ ಭಾಗ್ಯವೇ ಸರಿ. ‘ದಿ ಥರ್ಟೀನ್ ಪ್ರಾಬ್ಲಮ್ಸ್’ನಿಂದ ಶುರುಮಾಡಿ.

ಹೊಸ ಊರೇ ಬೇಕೆಂದರೆ ಎಂ.ಸಿ. ಬೀಟನ್ ಅವರ ಹ್ಯಾಮಿಷ್ ಮ್ಯಾಕ್‌ಬೆತ್ ಸರಣಿ ಹಿಡಿಯಿರಿ; 1985ರಲ್ಲಿ ಆರಂಭವಾದದ್ದು, ಸ್ಕಾಟ್ಲೆಂಡಿನ ಹಳ್ಳಿಯ ಕಥೆ. ಬಡ್ತಿ ಸಿಕ್ಕರೆ ವರ್ಗಾವಣೆಯಾದೀತೆಂದು ಕೇಸು ಬಿಡಿಸಿದ ಹೆಸರನ್ನು ಮೇಲಧಿಕಾರಿಗೇ ಬಿಟ್ಟುಕೊಡುವ ಪೊಲೀಸ್ ಪೇದೆ ಅವನು. ಹೇಳಿದ್ದನ್ನೇ ಎರಡೆರಡು ಸಲ ಹೇಳುವ ಜೆಸ್ಸಿ ಕರೀ ಖಂಡಿತ ನಿಮಗೆ ಹಿಡಿಸುತ್ತಾಳೆ. ಕೊಲೆಯ ಜಾಣ್ಮೆಯಲ್ಲಿ ಕ್ರಿಸ್ಟಿಯ ಸಮಕ್ಕೆ ಬರುವುದಿಲ್ಲ, ಊರಿನ ಜನರ ವಿಷಯದಲ್ಲಿ ಕೊರತೆಯಿಲ್ಲ. ಮೊದಲನೆಯದರಿಂದಲೇ ಕ್ರಮವಾಗಿ ಓದಿ. ಹ್ಯಾಮಿಷ್‌ನ ಪ್ರೇಮ ಪ್ರಕರಣ ಪುಸ್ತಕದಿಂದ ಪುಸ್ತಕಕ್ಕೆ ಮುಂದುವರಿಯುತ್ತದೆ.